ಒಂಬೈನೂರು ಆಂಪ್

ಮಾರ್ಚ್ 3, ಸೋಮವಾರ

ಭಾವ ಸುಟ್ಟುಹೋಗಿದ್ದಾರೆ. ಸತ್ತಿಲ್ಲ.

ನಡೆದದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡು, ಪೊಲೀಸರು ಕೇಳುತ್ತಾರೆ ಎಂದು ಕಂಪನಿಯ ಯಜಮಾನರು ಫೋನಿನಲ್ಲಿ ಹೇಳಿದರು. ಅವರಿಗೆ ಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ಇದು ನನಗಾಗಿ.

ಬೆಳಿಗ್ಗೆ 10.40. ದೂರವಾಣಿ ಕೇಂದ್ರದ ಎರಡನೇ ಮಹಡಿ. ಯುಪಿಎಸ್‌ನಿಂದ ಬಂದ ಕರೆಂಟನ್ನು ಇಡೀ ಕಟ್ಟಡಕ್ಕೆ ಹಂಚುವ ಪ್ಯಾನೆಲ್‌ಗೆ ಭಾವ ಹೊಸ ಕೇಬಲ್ ಜೋಡಿಸುತ್ತಿದ್ದರು. ಕರೆಂಟ್ ನಿಲ್ಲಿಸುವ ಹಾಗಿಲ್ಲ. ಯುಪಿಎಸ್ ಇಟ್ಟಿರುವುದೇ ಒಂದು ಗಳಿಗೆಯೂ ನಿಲ್ಲಬಾರದೆಂದು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ಮನುಷ್ಯ ಅವರು. ನಾನು ಪಕ್ಕದ ಬ್ಯಾಟರಿ ಕೋಣೆಯಲ್ಲಿದ್ದೆ. "ಬೇಗ ಬಾರೋ, ತಡ ಆದ್ರೆ ನಿಮ್ಮಕ್ಕ ಇಬ್ಬರನ್ನೂ ಹೊರಗೆ ಹಾಕ್ತಾಳೆ" ಎಂದು ಅವರು ಕೂಗಿದ್ದು ಕೇಳಿಸಿತು. ಅದಾದ ಮೇಲೆ ಸ್ಪ್ಯಾನರ್ ಬಿದ್ದ ಸಣ್ಣ ಸದ್ದು.

ಅದಾದ ಮೇಲಿನದು ಸದ್ದಲ್ಲ, ಎದೆಗೆ ಬಿದ್ದ ಒದೆ. ಗೋಡೆ ನಡುಗಿತು. ಓಡಿಬಂದು ನೋಡಿದರೆ ಪ್ಯಾನೆಲ್‌ನ ಕಬ್ಬಿಣದ ಬಾಗಿಲು ಎದುರು ಗೋಡೆಗೆ ಬಡಿದು ಮಡಚಿಕೊಂಡಿತ್ತು. ಮುಖ್ಯ ಬ್ರೇಕರ್ ಇದ್ದ ಜಾಗದಲ್ಲಿ ಕಪ್ಪು ತೂತು. ಕರಗಿದ ತಾಮ್ರ ನೆಲದ ಮೇಲೆ ಹನಿಹನಿಯಾಗಿ ಚೆಲ್ಲಿತ್ತು. ಭಾವ ನಿಂತೇ ಇದ್ದರು. ಅಂಗಿಯ ಮುಂಭಾಗ ಇರಲಿಲ್ಲ. ಮುಖ ಕಪ್ಪು, ಬಾಯೊಳಗೆ ಮಾತ್ರ ಕೆಂಪು. ಎರಡೂ ಕೈಯನ್ನು ಮುಂದೆ ಚಾಚಿ, ನೋಡು ಎನ್ನುವ ಹಾಗೆ ನನಗೆ ತೋರಿಸಿದರು. ಚರ್ಮ ಗವುಸಿನಂತೆ ಕಳಚಿ ಬೆರಳ ತುದಿಯಲ್ಲಿ ನೇತಾಡುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲಲ್ಲಿ ಅಕ್ಕ ನನ್ನ ಕಾಲರ್ ಹಿಡಿದುಕೊಂಡಳು. "ಯಾರು ಮಾಡಿದ್ದು ಇದನ್ನ? ನೀನು ಓದಿದವನಲ್ವಾ? ಹೇಳು, ಯಾರು ಮಾಡಿದ್ದು?"

ಅವಳ ತಲೆ ಮುಟ್ಟಿ ಮಾತು ಕೊಟ್ಟೆ. ಯಾರೇ ಆಗಲಿ, ಹುಡುಕಿ ಹಲ್ಲು ಉದುರಿಸುತ್ತೇನೆ.

ಮಾರ್ಚ್ 4, ಮಂಗಳವಾರ

ಯಜಮಾನರು ನೇರ ಮನುಷ್ಯ. ಬಾಗಿಲು ಮುಚ್ಚಿ ಕೇಳಿದರು, "ತಪ್ಪು ಪ್ಯಾನೆಲ್ ಕಟ್ಟಿದವನದಾ, ಲೆಕ್ಕದ್ದಾ?"

ಪ್ರಶ್ನೆ ಸರಿಯಾದದ್ದೇ. ಇದೇ ಲೆಕ್ಕದ ಮೇಲೆ ಇನ್ನೂ ಮೂರು ಪ್ಯಾನೆಲ್ ಆಗಿವೆ. ಅದರಲ್ಲಿ ಒಂದು, ಬೇರೊಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನದು. ಇಪ್ಪತ್ತನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಅದನ್ನೂ ಕರೆಂಟ್ ಇರುವಾಗಲೇ ತೆರೆದು ಕೇಬಲ್ ಸೇರಿಸಬೇಕು. ಆ ಮೂರನ್ನು ಕಟ್ಟಿದವರು ಬೇರೆ. ತಪ್ಪು ಕಟ್ಟಿದವನದಾದರೆ ಅವು ಕ್ಷೇಮ. ಲೆಕ್ಕದ್ದಾದರೆ ನಾಲ್ಕಕ್ಕೂ ಒಂದೇ ಗತಿ.

"ಲೆಕ್ಕ ನನ್ನದು ಸಾರ್" ಎಂದೆ.

"ಅದಕ್ಕೇ ಕೇಳ್ತಿರೋದು."

"ಹಾಗಾದ್ರೆ ಉತ್ತರ ಸಿಕ್ಕಿತಲ್ಲ."

ಹತ್ತೊಂಬತ್ತು ವರ್ಷದಲ್ಲಿ ನನ್ನ ಹಾಳೆಯಲ್ಲಿ ಒಂದು ಸೊನ್ನೆಯೂ ಜಾಗ ಬದಲಿಸಿಲ್ಲ. ಶಾರ್ಟ್ ಸರ್ಕ್ಯೂಟ್ ಆದರೆ ಎಷ್ಟು ಕರೆಂಟ್ ನುಗ್ಗುತ್ತದೆ ಎಂದು ನಾನು ಬರೆಯುತ್ತೇನೆ. ಅಷ್ಟನ್ನು ತಡೆದು ಕತ್ತರಿಸಬಲ್ಲ ಬ್ರೇಕರನ್ನು ಅವರು ತಂದು ಹಾಕುತ್ತಾರೆ. ಹಾಕದಿದ್ದರೆ ಅದು ಅವರ ಪಾಪ. ಕಟ್ಟಿದವನನ್ನು ಎಲ್ಲರೂ ತಗಡಣ್ಣ ಎನ್ನುತ್ತಾರೆ. ಹೆಸರಿಗೆ ತಕ್ಕ ಕೆಲಸ.

ಮಾರ್ಚ್ 6, ಗುರುವಾರ

ಸುಟ್ಟವರ ವಾರ್ಡಿಗೆ ಒಬ್ಬರನ್ನೇ ಬಿಡುತ್ತಾರೆ. ಅಕ್ಕ ಒಳಗಿದ್ದಳು. ಕಾವಲುಗಾರ ಅಡ್ಡ ನಿಂತು "ರೂಲ್ಸ್ ಸಾರ್, ರೂಲ್ಸ್" ಎಂದು ಗಿಳಿಪಾಠ ಒಪ್ಪಿಸಿದ. ಸ್ವಲ್ಪ ಸರಿಸಿದೆ. ಅವನೇ ಆಯತಪ್ಪಿ ಟ್ರಾಲಿಯ ಮೇಲೆ ಬಿದ್ದು ಮೊಣಕೈ ಒಡೆದುಕೊಂಡ. ಇಂಥವರನ್ನೆಲ್ಲ ಯಾರು ಕೆಲಸಕ್ಕಿಡುತ್ತಾರೋ.

ಭಾವನ ಗಾಯ ತೊಳೆಯುತ್ತಿದ್ದರು. ಹೊರಗಿನಿಂದಲೇ ಕೇಳಿಸಿತು. ಮನುಷ್ಯನ ಗಂಟಲಿನಿಂದ ಅಂಥ ಸ್ವರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನ ಬಿಟ್ಟು ದಿನ ತೊಳೆಯಬೇಕಂತೆ.

ರಾತ್ರಿ ಊಟಕ್ಕೆ ಕೂತಾಗ ಮಗಳು ಚಮಚವನ್ನು ತಟ್ಟೆಗೆ ಬಡಿಯುತ್ತಿದ್ದಳು. ಮೇಜಿಗೆ ಒಂದು ಗುದ್ದಿದೆ, ಅಷ್ಟೇ. ಗಾಜಿನ ಲೋಟ ಒಡೆಯಿತು. ಹೆಂಡತಿ ಚೂರು ಆರಿಸುತ್ತ, "ಮೇಜು ಗುದ್ದಿದ್ರೆ ನಿಮ್ಮ ಭಾವನ ಕೈ ವಾಪಸ್ ಬರುತ್ತಾ?" ಎಂದಳು. ಅವಳ ಮಾತೇ ಹಾಗೆ, ಉರಿಯುವ ಬೆಂಕಿಗೆ ತುಪ್ಪ. ನಾನೇನೂ ಕೈ ಎತ್ತುವ ಜಾತಿಯವನಲ್ಲ.

ಮಾರ್ಚ್ 8, ಶನಿವಾರ

ತಗಡಣ್ಣನ ಶೆಡ್ಡಿಗೆ ಹೋಗಿದ್ದೆ.

ಕಬ್ಬಿಣದ ಹಾಳೆ ಬಗ್ಗಿಸುವ ಯಂತ್ರದ ಮುಂದೆ ನಿಂತಿದ್ದ. ನನ್ನನ್ನು ಕಂಡೊಡನೆ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, "ನಿಮ್ಮ ಭಾವ ಹೇಗಿದ್ದಾರೆ?" ಎಂದ. ಆ ಪ್ರಶ್ನೆಗೇ ಪಿತ್ತ ನೆತ್ತಿಗೇರಿತು. ಮೊದಲನೆಯದು ಬಾಯಿಗೆ. ಎರಡನೆಯದು ಎಲ್ಲಿಗೆ ಬಿತ್ತೋ ತಿಳಿಯದು. ಬಿದ್ದವನ ಪಕ್ಕೆಗೆ ಬೂಟುಗಾಲಲ್ಲಿ ಒದ್ದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಎಲ್ಲವನ್ನೂ ಎಣಿಸುವ ನಾನು ಎಣಿಸಲಿಲ್ಲ. ಕೆಲಸದವರು ಹಿಡಿದು ಎಳೆಯುವಷ್ಟರಲ್ಲಿ ಅವನ ಎರಡು ಹಲ್ಲು ತಗಡಿನ ಚೂರುಗಳ ನಡುವೆ ಬಿದ್ದಿದ್ದವು.

ಅವನು ತಿರುಗಿ ಹೊಡೆಯಲಿಲ್ಲ. ರಕ್ತ ಉಗುಳಿ, ಗೋಡೆಗೊರಗಿ ಕೂತು ಹೇಳಿದ, "ಹತ್ತು ಸಾವಿರ ಆಂಪ್ ಕತ್ತರಿಸೋ ಬ್ರೇಕರ್ ಸಾಕಾ ಅಂತ ನಿಮಗೇ ಕಾಗದ ಬರೆದಿದ್ದೆ ಸಾರ್. ಧಾರಾಳ ಸಾಕು ಅಂತ ನೀವೇ ಬರೆದ್ರಿ. ನಿಮ್ಮ ಹಾಳೇಲಿ ಒಂಬೈನೂರು ಅಂತ ಇತ್ತಲ್ಲ. ಹೋಗಿ ಇನ್ನೊಂದ್ಸಲ ನೋಡಿ."

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ.

ಅಕ್ಕನಿಗೆ ಹೇಳಿದೆ. ಅವಳು ನನ್ನ ಊದಿದ ಬೆರಳುಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಐದು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬಾ ತಿಂದೆ.

ಮಾರ್ಚ್ 9, ಭಾನುವಾರ

ಆಫೀಸಿಗೆ ಹೋಗಿ ಹಾಳೆ ತೆಗೆದೆ. ತಗಡಣ್ಣನ ಮುಖಕ್ಕೆ ಹಿಡಿದು ತೋರಿಸೋಣ ಎಂದು.

ಬರೆದದ್ದು ನನ್ನದೇ ಅಕ್ಷರ. ಯುಪಿಎಸ್ ಒಳಗಿನ ಇನ್ವರ್ಟರಿನ ಸಾಮಾನ್ಯ ಕರೆಂಟ್ ಇನ್ನೂರ ತೊಂಬತ್ತು. ಶಾರ್ಟ್ ಆದಾಗ ಹೆಚ್ಚೆಂದರೆ ಅದರ ಮೂರು ಪಟ್ಟು. ಸುಮಾರು ಒಂಬೈನೂರು ಆಂಪ್. ಗುಣಾಕಾರ ಸರಿ. ಭಾಗಾಕಾರ ಸರಿ. ಮೂರು ಸಲ ನೋಡಿದೆ, ಎಲ್ಲ ಸರಿ.

ನಾಲ್ಕನೇ ಸಲ ಹಾಳೆಯಲ್ಲಿ ಇಲ್ಲದ್ದು ಕಾಣಿಸಿತು.

ಶಾರ್ಟ್ ಆದಾಗ ಯುಪಿಎಸ್ ತಾನೇ ಹೊತ್ತು ನಿಲ್ಲುವುದಿಲ್ಲ. ತನ್ನ ಕೈಲಾಗದು ಎಂದು ಗೊತ್ತಾದ ಕ್ಷಣ ಭಾರವನ್ನೆಲ್ಲ ಬೈಪಾಸ್ ದಾರಿಗೆ, ಅಂದರೆ ನೇರ ಹೊರಗಿನ ಲೈನಿಗೆ, ಕೊಟ್ಟುಬಿಡುತ್ತದೆ. ಆ ದಾರಿಯ ತುದಿಯಲ್ಲಿ ಒಂದು ಸಾವಿರ ಕೆವಿಎ ಟ್ರಾನ್ಸ್‌ಫಾರ್ಮರ್ ಕೂತಿದೆ. ಅದಕ್ಕೆ ಮೂರು ಪಟ್ಟಿನ ಕಟ್ಟುಪಾಡಿಲ್ಲ. ಹಾಳೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಅದರ ಪೂರ್ಣ ಕರೆಂಟ್ ಒಂದು ಸಾವಿರದ ನಾನೂರ ನಲವತ್ತು. ಒಳತಡೆ ನೂರಕ್ಕೆ ಐದು. ಭಾಗಿಸಿದರೆ ಇಪ್ಪತ್ತೆಂಟು ಸಾವಿರದ ಮೇಲೆ. ಕೇಬಲ್ ತಿನ್ನುವುದನ್ನು ಕಳೆದರೆ ಇಪ್ಪತ್ತನಾಲ್ಕು ಸಾವಿರ. ಬ್ರೇಕರ್ ತಡೆಯಬಲ್ಲದ್ದು ಹತ್ತು ಸಾವಿರ.

ಇದನ್ನು ಮೊದಲ ವರ್ಷದವರೂ ಮರೆಯುವುದಿಲ್ಲ. ನಾನು ಮರೆತದ್ದೇಕೆಂದೂ ಗೊತ್ತು. ಹಿಂದಿನ ಕೆಲಸವೊಂದರಲ್ಲಿ ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದಾಗ ಶಾರ್ಟ್ ಆದರೂ ಕರೆಂಟ್ ಸಾಲದೆ ಬ್ರೇಕರ್ ಬೀಳಲೇ ಇಲ್ಲ, ಎಲ್ಲರೆದುರು ಬೈಸಿಕೊಂಡೆ. ಈ ಸಲ ಕಡಿಮೆ ಎಷ್ಟು ಎಂಬುದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹೆಚ್ಚು ಎಷ್ಟು ಎಂದು ಕೇಳಿಕೊಳ್ಳಲೇ ಇಲ್ಲ.

ಹಾಳೆಯ ಕೆಳಗೆ ಎರಡು ಸಹಿ ಇರಬೇಕು: ಲೆಕ್ಕ ಹಾಕಿದವರದು, ಅದನ್ನು ಪರೀಕ್ಷಿಸಿ ನೋಡಿದವರದು. ನೋಡುವವರು ಹಿರಿಯ ಮೇಡಂ, ನಾವೆಲ್ಲ ಕೆಂಪು ಪೆನ್ನು ಎನ್ನುತ್ತೇವೆ. ಲೆಕ್ಕ ಹಾಕಿದ ವಾರ ಅವರು ರಜೆಯಲ್ಲಿದ್ದರು. ಗಡಿಬಿಡಿ ಇತ್ತು. ಎರಡೂ ಸಹಿ ನಾನೇ ಹಾಕಿದ್ದೇನೆ.

ಬೀರುವಿನ ಗಾಜಿಗೆ ತಲೆ ಹೊಡೆದುಕೊಂಡೆ. ಗಾಜು ಬಿರುಕು ಬಿಟ್ಟಿತು, ತಲೆಗೇನೂ ಆಗಲಿಲ್ಲ.

ಮಾರ್ಚ್ 11, ಮಂಗಳವಾರ

ತಪ್ಪು ಪ್ಯಾನೆಲ್ ಕಟ್ಟಿದವನದೇ ಎಂದು ತಗಡಣ್ಣನ ಶೆಡ್ಡಿಗೆ ಪೊಲೀಸರು ಬೀಗ ಹಾಕಿದ್ದಾರೆ. ಹೊಡೆದದ್ದಕ್ಕೆ ಅವನು ದೂರು ಕೊಟ್ಟಿಲ್ಲ. ಕೊಟ್ಟಿದ್ದರೆ ಒಳ್ಳೆಯದಿತ್ತು. ಅವನು ಮೂರ್ಖನೋ ದೊಡ್ಡವನೋ ನನಗೆ ತಿಳಿಯುತ್ತಿಲ್ಲ, ಎರಡಕ್ಕೂ ಸಿಟ್ಟು ಬರುತ್ತದೆ.

ಯಜಮಾನರು ಕೇಳಿದರು, "ಹಾಗಾದ್ರೆ ಆಸ್ಪತ್ರೆ ಕೆಲಸ ಇಪ್ಪತ್ತಕ್ಕೆ ಮಾಡಿಸಬಹುದು ಅಲ್ವಾ?"

"ಹ್ಞೂಂ" ಎಂದೆ.

ಇನ್ನೂ ಒಂಬತ್ತು ದಿನ ಇದೆಯಲ್ಲ.

ಮಾರ್ಚ್ 13, ಗುರುವಾರ

ಕೆಂಪು ಪೆನ್ನು ಮನೆಯಿಂದ ಫೋನ್ ಮಾಡಿದ್ದರು. ಕಣ್ಣಿನ ಆಪರೇಷನ್ ಆಗಿದೆ, ಎರಡೂ ಕಣ್ಣಿಗೆ ಪಟ್ಟಿ.

"ನನ್ನ ಕೈಲಿ ನೋಡಕ್ಕಾಗಲ್ಲ. ಆ ಹಾಳೇನ ಓದಿ ಹೇಳು. ನಿಧಾನ."

ಓದಿದೆ. ಸಾಲು ಸಾಲಾಗಿ ಓದಿದೆ. ಅವರು ಒಂದೊಂದಕ್ಕೂ "ಮುಂದೆ" ಎನ್ನುತ್ತಿದ್ದರು. ಕೊನೆಯ ಸಾಲು ಮುಗಿಯಿತು.

"ಬೈಪಾಸ್ ದಾರೀದು ಹಾಕಿದ್ದೀಯಾ?"

"ಹಾಕಿದ್ದೀನಿ ಮೇಡಂ."

"ಓದಲಿಲ್ಲವಲ್ಲ."

"ಅದು ಬೇರೆ ಹಾಳೇಲಿದೆ."

"ಸರಿ ಬಿಡು. ನೀನು ಹಾಕಿದ್ದೀಯ ಅಂದ್ರೆ ಮುಗೀತು. ಪಟ್ಟಿ ಬಿಚ್ಚಿದ ಮೇಲೆ ಬಂದು ನೋಡ್ತೀನಿ, ಇಪ್ಪತ್ತೈದಕ್ಕೆ."

ಫೋನನ್ನು ಗೋಡೆಗೆ ಎಸೆದೆ. ಚೂರಾಯಿತು. ಪಕ್ಕದ ಮೇಜಿನವನು ಹಲ್ಲು ಕಿರಿದು "ಯಾರ ಮೇಲೆ ಕೋಪ ಸಾರ್?" ಎಂದ. ಅವನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿ ಹಿಡಿದೆ. ಮುಖ ಕೆಂಪಗಾಗುವವರೆಗೆ. ಆಮೇಲೆ ತಮಾಷೆಗೆ ಎಂದು ಹೇಳಿ ಬಿಟ್ಟೆ. ಯಾರೂ ನಗಲಿಲ್ಲ. ಆಫೀಸಿನಲ್ಲಿ ಹಾಸ್ಯಪ್ರಜ್ಞೆ ಕಡಿಮೆಯಾಗಿದೆ.

ಮಾರ್ಚ್ 15, ಶನಿವಾರ

ಹೆಂಡತಿ ಮತ್ತು ಮಗಳು ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಿದ್ದಾರೆ, ನಾಲ್ಕು ದಿನದಿಂದ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ, ಅದಕ್ಕಿರಬೇಕು.

ಬೆಳಿಗ್ಗೆ ಅವಳೇ ಕೇಳಿದಳು. "ಆ ತಗಡಿನವರ ವಿಷಯ ಎತ್ತಿದ್ರೆ ಯಾಕೆ ಎದ್ದು ಹೋಗ್ತೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

ಅವಳ ಮಣಿಕಟ್ಟು ಹಿಡಿದದ್ದು ನೆನಪಿದೆ. ತಿರುಚಿದ್ದು ನೆನಪಿಲ್ಲ. ಅವಳು ಕೂಗಲಿಲ್ಲ. ಮಗಳು ಕೂಗಿದಳು.

ಮಧ್ಯಾಹ್ನ ಇಬ್ಬರೂ ಅವಳ ಅಮ್ಮನ ಮನೆಗೆ ಹೋದರು. ಎರಡು ದೊಡ್ಡ ಚೀಲ. ಮಗಳ ಪುಸ್ತಕಗಳನ್ನೂ ತೆಗೆದುಕೊಂಡು ಹೋಗಿದ್ದಾರೆ. ಶಾಲೆಗೆ ರಜೆ ಇರಬೇಕು.

ಮಾರ್ಚ್ 16, ಭಾನುವಾರ

ಭಾವನ ಎಡಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು. ಬಲಗೈ ಉಳಿಯಬಹುದು, ಎರಡು ಬೆರಳು ಬಿಟ್ಟು.

ಮಾರ್ಚ್ 17, ಸೋಮವಾರ

ಅಕ್ಕ ಇವತ್ತು ಅಳಲಿಲ್ಲ. "ಆ ತಗಡಿನವನು ಜೈಲಿಗೆ ಹೋಗ್ತಾನೆ ಅಲ್ವಾ?" ಎಂದು ಕೇಳಿದಳು. "ಅವನ ಮನೆ ಎಲ್ಲಿ ಅಂತ ಹೇಳು. ಬಾಗಿಲಿಗೆ ಬೆಂಕಿ ಇಟ್ಟು ಬರ್ತೀನಿ. ಅವನ ಹೆಂಡತಿಗೂ ಗೊತ್ತಾಗ್ಲಿ, ಸುಟ್ಟ ಗಂಡನ್ನ ನೋಡೋದು ಹೇಗಿರುತ್ತೆ ಅಂತ."

ಇವಳು ಇರುವೆ ಕಂಡರೂ ದಾಟಿ ನಡೆಯುವವಳು. ವಿಳಾಸ ನೆನಪಿಲ್ಲ ಎಂದೆ. ಈ ಸಿಟ್ಟನ್ನು ಅವಳ ಹೊಟ್ಟೆಯಲ್ಲಿ ಇಟ್ಟವನು ನಾನೇ.

ಮಾರ್ಚ್ 19, ಬುಧವಾರ

ಬೆಳಿಗ್ಗೆಯಿಂದ ಆರು ಸಲ ಯಜಮಾನರ ಬಾಗಿಲವರೆಗೆ ಹೋಗಿ ಬಂದೆ. ಒಂದು ಸಲ ಒಳಗೂ ಹೋದೆ. "ಏನು?" ಎಂದರು. ಫ್ಯಾನ್ ಸದ್ದು ಮಾಡುತ್ತಿದೆ ಸಾರ್ ಎಂದು ಹೇಳಿ ಬಂದೆ.

ಹೇಳಬೇಕಾದ್ದು ಮೂರೇ ಮಾತು. ಲೆಕ್ಕ ತಪ್ಪು. ನನ್ನದು. ನಿಲ್ಲಿಸಿ. ಕನ್ನಡಿ ಮುಂದೆ ಹೇಳಿ ನೋಡಿದೆ. ಎರಡನೆಯದಕ್ಕೆ ದವಡೆ ಕಚ್ಚಿಕೊಳ್ಳುತ್ತದೆ. ಕನ್ನಡಿಯ ಚೂರನ್ನು ಬೆಳಿಗ್ಗೆ ಗುಡಿಸಿದರಾಯಿತು.

ನಾಳೆ ಸ್ಪ್ಯಾನರ್ ಜಾರದೆಯೂ ಇರಬಹುದು. ಪ್ರತಿ ಸಲ ಜಾರುತ್ತದೆಯೇ?

ಮಾರ್ಚ್ 20, ಗುರುವಾರ

ಎಂಟೂ ಮುಕ್ಕಾಲಿಗೆ ಹೋದೆ. ಹೋಗುತ್ತೇನೆಂದು ತೀರ್ಮಾನಿಸಿದ್ದು ನೆನಪಿಲ್ಲ; ಕಾಲು ಅಲ್ಲಿತ್ತು.

ಆಪರೇಷನ್ ಥಿಯೇಟರಿನ ಹಿಂದೆ ಒಂದು ಕಿರಿದಾದ ಕೋಣೆ. ಪ್ಯಾನೆಲ್‌ನ ಬಾಗಿಲು ಆಗಲೇ ತೆರೆದಿತ್ತು. ಒಳಗೆ ಮೂರು ತಾಮ್ರದ ಪಟ್ಟಿ ಹೊಳೆಯುತ್ತಿದ್ದವು. ಎದುರಿಗೆ ಐವತ್ತರ ಆಸುಪಾಸಿನ ಮೀಸೆಯ ಮನುಷ್ಯ, ಕಣ್ಣಿಗೆ ಬರೀ ಕನ್ನಡಕ, ಕೈಯಲ್ಲಿ ತೆಳು ಗವುಸು. ಇಬ್ಬರು ಸಹಾಯಕರು ಕೇಬಲ್ ಹಿಡಿದು ನಿಂತಿದ್ದರು.

"ಮುಟ್ಟಬೇಡಿ" ಎಂದೆ.

"ಯಾರು ಸಾರ್ ನೀವು?"

"ಕಂಪನಿಯವನು. ಇವತ್ತು ಬೇಡ. ಬಾಗಿಲು ಮುಚ್ಚಿ."

"ಕಾಗದ ಇದ್ಯಾ? ಒಳಗೆ ಯಾರದೋ ಹೊಟ್ಟೆ ಕೊಯ್ದಿಟ್ಟಿದ್ದಾರೆ, ಹತ್ತು ಗಂಟೆ ಒಳಗೆ ಎರಡನೇ ಥಿಯೇಟರಿಗೂ ಲೈನ್ ಕೊಡಬೇಕು. ನೀವು ಬಂದು ಬೇಡ ಅಂದ್ರೆ?"

"ಅಪಾಯ ಇದೆ."

"ಅಯ್ಯೋ, ಅಪಾಯ ಎಲ್ಲಿಲ್ಲ?" ನಕ್ಕ. ಬಾಗಿಲಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ಬೆರಳಿನಿಂದ ತಟ್ಟಿದ. "ನೋಡಿ, ನಿಮ್ಮ ಕಂಪನಿಯವರೇ ಬರೆದಿದ್ದಾರೆ. ಶಾರ್ಟ್ ಆದ್ರೂ ಒಂಬೈನೂರು. ಕೆಳಗೆ ಸಹಿ ಬೇರೆ ಇದೆ. ಇಷ್ಟಕ್ಕೆಲ್ಲ ಹೆದರ್ಕೊಂಡು ಕೂತ್ರೆ ಹೊಟ್ಟೆಪಾಡು ಹೇಗೆ?"

ಸಹಿ ನನ್ನದು. ಆ ಸಹಿ ಯಾರದೆಂದು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಅವನು ತಿರುಗಿ ಸ್ಪ್ಯಾನರನ್ನು ಪಟ್ಟಿಗಳ ನಡುವೆ ತೂರಿಸಲು ಬಗ್ಗಿದ.

ಅವನ ಅಂಗಿ ಹಿಡಿದು ಹಿಂದಕ್ಕೆಳೆದು ಹೊಡೆದೆ. ಪೂರ್ತಿ ಬಲ ಹಾಕಿ ಹೊಡೆದೆ. ಹುಬ್ಬು ಸೀಳಿ ರಕ್ತ ಕನ್ನಡಕದ ಒಳಗೆ ತುಂಬಿತು. ಸ್ಪ್ಯಾನರ್ ಹೊರಗೆ ನೆಲಕ್ಕೆ ಬಿತ್ತು. ಅದನ್ನು ಕಾಲಲ್ಲಿ ದೂರ ಒದ್ದೆ. ಅಷ್ಟರಲ್ಲಿ ಇಬ್ಬರೂ ಮೈಮೇಲೆ ಬಿದ್ದರು. ಒಬ್ಬ ಹೊಟ್ಟೆಗೆ, ಇನ್ನೊಬ್ಬ ಕಿವಿಯ ಮೇಲೆ. ಕೆಳಗೆ ಕೆಡವಿ ಕತ್ತಿನ ಮೇಲೆ ಮಂಡಿ ಊರಿದರು. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ನಾನು ಮೀಸೆಯವನ ಕಾಲು ಹಿಡಿದುಕೊಂಡೆ, ಬಿಡಲಿಲ್ಲ. ಅವರು ಬೆರಳು ತುಳಿದರೂ ಬಿಡಲಿಲ್ಲ.

ಅವನು ಕನ್ನಡಕ ತೆಗೆದು ರಕ್ತ ಒರೆಸಿಕೊಂಡು ಕೇಳಿದ. ಬೈಯಲಿಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ. "ಯಾಕಪ್ಪಾ ಹೊಡೆದೆ?"

ನೆಲಕ್ಕೆ ಒತ್ತಿದ ಬಾಯಿಯಿಂದ ಆಗ ಹೊರಟಿತು. "ಒಂಬೈನೂರಲ್ಲ. ಇಪ್ಪತ್ನಾಲ್ಕು ಸಾವಿರ. ಬೈಪಾಸ್ ಮರೆತೆ. ಲೆಕ್ಕ ನನ್ನದು. ದೂರವಾಣಿ ಕೇಂದ್ರದಲ್ಲಿ ಸುಟ್ಟವರು ನಮ್ಮ ಭಾವ."

ಮಂಡಿ ಎತ್ತಿದರು. ಮೀಸೆಯವನು ತೆರೆದ ಪ್ಯಾನೆಲ್ ಕಡೆ ನೋಡಿದ, ತನ್ನ ತೆಳು ಗವುಸಿನ ಕೈಯನ್ನು ತಿರುಗಿಸಿ ನೋಡಿಕೊಂಡ. ಬಾಗಿಲನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಚ್ಚಿ ಬೀಗ ಹಾಕಿದ. ಆಮೇಲೆ ಬಂದು ನನ್ನ ಮುಖಕ್ಕೆ ಒದ್ದ. ಒಂದೇ ಸಲ. ಅದು ನ್ಯಾಯವಾಗಿತ್ತು.

ಹನ್ನೊಂದಕ್ಕೆ ಯಜಮಾನರಿಗೆ, ಹನ್ನೆರಡಕ್ಕೆ ಪೊಲೀಸರಿಗೆ ಬರೆದುಕೊಟ್ಟೆ. ಉಳಿದ ಎರಡು ಪ್ಯಾನೆಲ್‌ಗೂ ಬೀಗ ಬಿತ್ತು. ತಗಡಣ್ಣನ ಶೆಡ್ಡಿನ ಬೀಗ ತೆಗೆದರು. ಅವನ ಮನೆಗೆ ಹೋದೆ; ಅವನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ನನ್ನ ಮಾತು ಮುಗಿಯುವವರೆಗೆ ಕೇಳಿ, ಬಾಗಿಲು ಹಾಕಿಕೊಂಡಳು.

ಮಾರ್ಚ್ 21, ಶುಕ್ರವಾರ

ಪೊಲೀಸರು ನಾಳೆಯವರೆಗೆ ಬಿಟ್ಟಿದ್ದಾರೆ. ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದೆ.

ಕಾರಿಡಾರಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ನನ್ನ ಊದಿದ ಮುಖವನ್ನೇ ನೋಡುತ್ತಿದ್ದಳು.

"ನೀನು ಎಷ್ಟು ಅಂತ ಬರೆದಿದ್ದೆ?"

"ಒಂಬೈನೂರು."

"ನಿಜವಾಗಿ ಎಷ್ಟು?"

"ಇಪ್ಪತ್ನಾಲ್ಕು ಸಾವಿರ."

ಅವಳು ತುಟಿಯಲ್ಲೇ ಏನೋ ಲೆಕ್ಕ ಹಾಕಿದಳು, ಎಷ್ಟು ಪಟ್ಟು ಎಂದು ಇರಬೇಕು. ಮುಗಿಸಲಾಗದೆ ಬಿಟ್ಟಳು.

"ಹೊಡಿ ಅಕ್ಕ" ಎಂದೆ. "ಎಷ್ಟು ಬೇಕೋ ಅಷ್ಟು ಹೊಡಿ."

"ಹೊಡೆಸ್ಕೊಂಡು ಹಗುರಾಗಕ್ಕೆ ಬಂದಿದ್ದೀಯಾ?" ಎಂದಳು. "ನಾನು ಹೊಡೆಯಲ್ಲ. ಒಳಗೆ ಬಾ. ಅವರಿಗೂ ನೀನೇ ಹೇಳು."

ಭಾವನ ಮುಖದ ಪಟ್ಟಿಯಲ್ಲಿ ಕಣ್ಣಿಗೂ ಬಾಯಿಗೂ ಮಾತ್ರ ಜಾಗ ಬಿಟ್ಟಿದ್ದಾರೆ. ಹೇಳಿದೆ. ಒಂದು ಅಂಕಿಯನ್ನೂ ಬಿಡದೆ, ಎರಡು ಸಹಿಯ ವಿಷಯವನ್ನೂ ಹೇಳಿದೆ. ಅವರು ಛಾವಣಿ ನೋಡುತ್ತಲೇ ಹೇಳಿದರು. ಮಾತು ಮುರಿದು ಮುರಿದು ಬಂತು.

"ಮುಖದ ಶೀಲ್ಡು ಬ್ಯಾಗಲ್ಲೇ ಇತ್ತು ಕಣೋ. ದಪ್ಪ ಗವುಸೂ ಇತ್ತು. ತೆಗೆಯೋಣ ಅಂತ ಬಗ್ಗಿದೆ. ಬಾಗಿಲ ಮೇಲೆ ನಿನ್ನ ಸಹಿ ಕಾಣಿಸ್ತು. ನಮ್ಮ ಹುಡುಗ ಹಾಕಿದ ಲೆಕ್ಕ, ಒಂಬೈನೂರಕ್ಕೆ ಇದೆಲ್ಲ ಯಾಕೆ ಅಂತ ಬ್ಯಾಗಿನ ಜಿಪ್ ಎಳೆದುಬಿಟ್ಟೆ."

ಅಕ್ಕ ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು, ಲೋಟ ಚಮಚ ತಂದು ನನ್ನ ಕೈಗಿಟ್ಟಳು. "ನೀರು ಕುಡಿಸೋ ಹೊತ್ತು. ಗಂಟೆಗೊಂದು ಲೋಟ. ನನಗೆ ಕೂತು ಕೂತು ಬೆನ್ನು ಹೋಗಿದೆ."

ಹಾಸಿಗೆಯ ಅಂಚಿಗೆ ಕೂತೆ. ಮೊದಲ ಚಮಚ ಹಾಕಿದೆ. ನುಂಗಿದರು. ಎರಡನೆಯದನ್ನು ಬಾಯಲ್ಲಿ ಹಿಡಿದುಕೊಂಡರು, ನನ್ನನ್ನೇ ನೋಡಿದರು. ತಲೆಯನ್ನು ದಿಂಬಿನಿಂದ ಎಷ್ಟು ಎತ್ತಲಾಗುತ್ತದೋ ಅಷ್ಟು ಎತ್ತಿ, ಎಲ್ಲವನ್ನೂ ನನ್ನ ಮುಖಕ್ಕೆ ಉಗಿದರು. ಅವರ ತುಟಿ ಬಿರಿದು ರಕ್ತ ಜಿನುಗಿತು. ತಲೆ ಹಿಂದಕ್ಕೆ ಬಿತ್ತು. ಉಸಿರು ಸರಿಹೋಗಲು ಬಹಳ ಹೊತ್ತು ಹಿಡಿಯಿತು.

ಅಕ್ಕ ತಡೆಯಲಿಲ್ಲ. ನಾನೂ ಮುಖ ಒರೆಸಿಕೊಳ್ಳಲಿಲ್ಲ.

ಭಾವ ಮತ್ತೆ ಬಾಯಿ ತೆರೆದರು. ಮೂರನೇ ಚಮಚ ಹಾಕಿದೆ. ಅದನ್ನು ನುಂಗಿದರು.